ವಿಳಾಸ ಬದಲಾಗಿದೆ: ಅಲೀಪುರ, ಕೋಲಾರ ಜಿಲ್ಲೆ

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನವಾಗಿತ್ತು. ಹೋದ ತಿಂಗಳು ಒಂದು ಮಿಂಚಂಚೆ ಬಂತು. ಕಳಿಸಿದವನು ನನ್ನ ಹೈಸ್ಕೂಲಿನ ಗೆಳೆಯ, ಅಲೀಪುರದವನು. ಹರಳಿನ ವ್ಯಾಪಾರ ಮಾಡಿಕೊಂಡು ಈಗ ಜೈಪುರದಲ್ಲಿದ್ದಾನೆ. ಇದ್ದದ್ದು ಎರಡೇ ಸಾಲು. "ಏನಪ್ಪಾ, ಅಬ್ಬಾ ಬಗ್ಗೆ ನೀನು ಬರ್ದಿದ್ದು ಎಲ್ಲೋಯ್ತು? ಮಗಳಿಗೆ ತೋರಿಸೋಣ ಅಂತ ಒತ್ತಿದ್ರೆ ಏನೂ ಇಲ್ಲ ಅಂತ ಬರ್ತಿದೆ." ಅದರ ಕೆಳಗೆ 2008ರ ಫೆಬ್ರವರಿಯ ಒಂದು ಕೊಂಡಿ. ಕೊಂಡಿಯ ಬಾಲದಲ್ಲಿ 'ಬ್ಲಾಗ್-ಪೋಸ್ಟ್_19'.

ಒತ್ತಿದೆ. 404.

ನನ್ನದೇ ಬ್ಲಾಗು, ನಾನೇ ಬರೆದ ಬರಹ. ಅಂಥ ಪುಟ ಇಲ್ಲ ಅಂತ ನನಗೇ ಹೇಳಿಸಿಕೊಳ್ಳೋದು ಸ್ವಲ್ಪ ಅವಮಾನದ ವಿಷಯವೇ. ಅದಕ್ಕಿಂತ ಹೆಚ್ಚಾಗಿ, ಆ ಬರಹದಲ್ಲಿದ್ದ ಮನುಷ್ಯ ಈಗಿಲ್ಲ. ಗೆಳೆಯನ ತಂದೆಯನ್ನು ನಾವೆಲ್ಲ ಚಾಚಾ ಅಂತಿದ್ದೆವು. ಮನೆಯ ಮುಂದಿನ ಕೋಣೆಯಲ್ಲಿ ಸಾಣೆ ಹಾಕಿಕೊಂಡು ಹರಳಿಗೆ ಮೈ ಕೊಡುತ್ತಿದ್ದರು. ಕೆಲಸ ನಿಲ್ಲಿಸದೆ ಊರಿನ ಕತೆ ಹೇಳೋರು. ಅವರು ಹೇಳಿದ್ದನ್ನೇ ಮನೆಗೆ ಬಂದು ಬರಹದಲ್ಲಿ ಕುಟ್ಟಿ, ಯೂನಿಕೋಡಿಗೆ ಬದಲಿಸಿ ಬ್ಲಾಗಿಗೆ ಹಾಕಿದ್ದೆ. ಅದರ ಕೆಳಗೆ ದೂರದ ಊರುಗಳಲ್ಲಿದ್ದ ಅಲೀಪುರದವರು ಬಂದು ಟಿಪ್ಪಣಿ ಬರೆದಿದ್ದರು. ಚಾಚಾ 2015ರಲ್ಲಿ ತೀರಿಕೊಂಡರು.

ಹಾಗಾಗಿ ಈ ಬರಹ. ಇದು ವೆಬ್ ಸರ್ವರಿನ ವಿಳಾಸ ತಿದ್ದುವ ನಿಯಮಗಳ ಕತೆ, ಅಂದರೆ ರೀರೈಟ್ ರೂಲ್ ಅನ್ನೋ ಒಣ ವಿಷಯ. ಆದರೆ ಅಲೀಪುರದಿಂದಲೇ ಶುರು ಮಾಡ್ತೀನಿ, ಯಾಕೆಂದರೆ ಆ ಊರಿನ ವಿಳಾಸಕ್ಕೇ ಒಂದು ಚರಿತ್ರೆ ಇದೆ.

*

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಗೊತ್ತಿಲ್ಲದವರಿಗೆ: ತೊಂಡೇಭಾವಿ ಕಡೆಯ ಊರು. ಶಿಯಾ ಮುಸ್ಲಿಮರೇ ಹೆಚ್ಚು. ಮೊಹರಂ ಬಂತೆಂದರೆ ಎಲ್ಲೆಲ್ಲೋ ಇರುವ ಊರಿನವರೆಲ್ಲ ಸೇರುತ್ತಾರೆ. ಹರಳಿಗೆ ಸಾಣೆ ಹಿಡಿಯುವುದು, ಹರಳಿನ ವ್ಯಾಪಾರ, ಇದು ಊರಿನ ಕಸುಬು. ಮನೆಯೊಳಗೆ ಉರ್ದು, ಹೊರಗೆ ಕನ್ನಡ, ಸಂತೆಗೆ ಹೋದರೆ ತೆಲುಗು. ನಮ್ಮ ಸೀಮೆಯಲ್ಲಿ ಅದೇನೂ ವಿಶೇಷ ಅಲ್ಲ ಬಿಡಿ.

ಊರಿಗೆ ಮೊದಲಿದ್ದ ಹೆಸರು ಬೇರೆ. ಇಂಗ್ಲಿಷಿನಲ್ಲಿ ಬರೆದ ಕಡೆ ಅದು 'ಬೆಲಿಕುಂಟ' ಎಂದು ಓದುವ ಹಾಗೆ ಸಿಗುತ್ತೆ. ಇಂಗ್ಲಿಷಿಗೆ ಹೋಗಿ ವಾಪಸ್ ಬಂದ ಕನ್ನಡ ಹೆಸರಿನ ಪಾಡು ನಿಮಗೇ ಗೊತ್ತು. ಬೆಲಿ, ಬೇಲಿ, ಬೆಳಿ, ಬೆಳ್ಳಿ, ಯಾವುದು ಬೇಕಾದರೂ ಆಗಬಹುದು. ನಾನು 2008ರ ಬರಹದಲ್ಲಿ ಬೆಲಿಕುಂಟೆ ಅಂತ ಬರೆದಿದ್ದೆ. ಕುಂಟೆ ಅಂದರೆ ಸಣ್ಣ ಕೆರೆ, ಅಷ್ಟಂತೂ ಸರಿ. ನಮ್ಮ ಕಡೆ ಪ್ರತಿ ಮೂರನೇ ಊರಿಗೂ ಒಂದು ಕುಂಟೆಯ ಹೆಸರು. ಆ ಕುಂಟೆಯ ಹೆಸರು ಹಿಂದೆ ಸರಿದು ಅಲಿಯವರ ಹೆಸರು ಮುಂದೆ ಬಂತು.

ಮೊದಲ ತಿದ್ದುಪಡಿ ಊರಿನ ಹೆಸರಿಗಾದರೆ ಎರಡನೆಯದು ಜಿಲ್ಲೆಗೆ. ನಾವು ಓದಿದ್ದು, ಪರೀಕ್ಷೆ ಬರೆದದ್ದು, ಮಾರ್ಕ್ಸ್ ಕಾರ್ಡ್ ತಗೊಂಡಿದ್ದು ಎಲ್ಲ ಕೋಲಾರ ಜಿಲ್ಲೆಯಲ್ಲಿ. 2007ರ ಆಗಸ್ಟಿನಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಈ ಕಡೆ ಬಂದವು. ಊರು ಇದ್ದಲ್ಲೇ ಇತ್ತು. ಕುಂಟೆ, ಬಂಡೆ, ಬಸ್ ಸ್ಟಾಂಡಿನ ಟೀ ಅಂಗಡಿ ಯಾವುದೂ ಅಲುಗಲಿಲ್ಲ. ಬದಲಾದದ್ದು ವಿಳಾಸದ ಕೊನೇ ಸಾಲು ಮಾತ್ರ. ಆದರೂ ವರ್ಷಗಟ್ಟಲೆ ಕಾಗದಗಳು ಕೋಲಾರ ಜಿಲ್ಲೆ ಅಂತಲೇ ಬರುತ್ತಿದ್ದವು, ಬಂದವು ಸರಿಯಾಗಿ ಮುಟ್ಟುತ್ತಲೂ ಇದ್ದವು.

ಹೇಗೆ ಮುಟ್ಟುತ್ತಿದ್ದವು? ಪಿನ್ ಕೋಡ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಗೆ ಜಿಲ್ಲೆಯ ಹಂಗು ಇಲ್ಲ. ಗೌರಿಬಿದನೂರಿನ 561208 ಕೋಲಾರದಲ್ಲಿದ್ದಾಗಲೂ ಅದೇ, ಚಿಕ್ಕಬಳ್ಳಾಪುರಕ್ಕೆ ಬಂದಮೇಲೂ ಅದೇ. ಅಂಕಿಯಲ್ಲಿ ಹೆಸರು ಇಲ್ಲದೇ ಇರುವುದೇ ಅದರ ಶಕ್ತಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಪಿನ್ ಕೋಡೂ ಇಲ್ಲದಿದ್ದರೆ? ಆಗ ಅಂಚೆಯಣ್ಣ. ಮನೆ ಬದಲಿಸಿದವರ ಹಳೇ ವಿಳಾಸಕ್ಕೆ ಬಂದ ಕಾಗದದ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಹೊಸ ವಿಳಾಸ ಬರೆದು ಮುಂದಕ್ಕೆ ಕಳಿಸೋದು ಅಂಚೆ ಇಲಾಖೆಯ ಹಳೇ ಪದ್ಧತಿ. ಅದಕ್ಕೆ ಅವರು ಬಳಸುವ ಪದವೇ ರೀಡೈರೆಕ್ಟ್. ಯಾರೂ ದಿಕ್ಕಿಲ್ಲದ ಕಾಗದಗಳಿಗೆ ರಿಟರ್ನ್ಡ್ ಲೆಟರ್ ಆಫೀಸ್ ಅಂತ ಬೇರೆ ಕಚೇರಿ. ವೆಬ್ ಕಂಡುಹಿಡಿದವರು ಹೊಸದಾಗಿ ಯೋಚಿಸಿದ್ದು ಬಹಳ ಇಲ್ಲ ಅನಿಸುತ್ತೆ. 301 ಅಂದರೆ 'ಶಾಶ್ವತವಾಗಿ ಮನೆ ಬದಲಿಸಿದ್ದಾರೆ', 302 ಅಂದರೆ 'ಸದ್ಯಕ್ಕೆ ಅತ್ತೆ ಮನೆಯಲ್ಲಿದ್ದಾರೆ', 404 ಅಂದರೆ 'ಇಂಥವರು ಇಲ್ಲಿಲ್ಲ', 410 ಅಂದರೆ 'ಇದ್ದರು, ಈಗಿಲ್ಲ'. ಕೊನೆಯದನ್ನು ಬಳಸುವಷ್ಟು ಮರ್ಯಾದೆ ಇರುವ ತಾಣಗಳು ತೀರಾ ಕಮ್ಮಿ :-)

*

ಈಗ ಸರ್ವರಿನ ಕತೆ.

1991ರಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬನ್ನು ಲೋಕಕ್ಕೆ ಬಿಟ್ಟಾಗ ವಿಳಾಸ ಅಂದರೆ ಹೆಚ್ಚುಕಮ್ಮಿ ಕಡತದ ಹೆಸರೇ. ಸರ್ವರಿನ ಯಾವ ಫೋಲ್ಡರಿನಲ್ಲಿ ಯಾವ ಕಡತ ಇದೆಯೋ ಅದೇ ದಾರಿ ವಿಳಾಸದಲ್ಲೂ. ಕಡತ ಎತ್ತಿ ಬೇರೆ ಕಡೆ ಇಟ್ಟರೆ ವಿಳಾಸ ಸತ್ತಿತು. ಆಮೇಲೆ ಪುಟಗಳನ್ನು ಡೇಟಾಬೇಸಿನಿಂದ ಎತ್ತಿ ಕಟ್ಟಿಕೊಡುವ ಕಾಲ ಬಂತು. ವಿಳಾಸಗಳ ತುಂಬ ಪ್ರಶ್ನಾರ್ಥಕ ಚಿಹ್ನೆ, ಸಮ ಚಿಹ್ನೆ, ಅಂಕಿಗಳು. ಹೇಳೋಕೂ ಆಗಲ್ಲ, ಬರೆದುಕೊಳ್ಳೋಕೂ ಆಗಲ್ಲ.

ಅಪಾಚೆ ಸರ್ವರ್ ಹುಟ್ಟಿದ್ದು 1995ರಲ್ಲಿ. ಮರುವರ್ಷ, 1996ರ ಏಪ್ರಿಲಿನಲ್ಲಿ, ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ ಎಂಬಾತ ತನ್ನ ಕೆಲಸಕ್ಕೆ ಬೇಕಾಯಿತೆಂದು ಅದಕ್ಕೊಂದು ತುಂಡು ಬರೆದ. ಅದೇ ಮಾಡ್-ರೀರೈಟ್. 1997ರ ಜುಲೈನಲ್ಲಿ ಅದನ್ನು ಅಪಾಚೆ ತಂಡಕ್ಕೆ ಕೊಟ್ಟುಬಿಟ್ಟ. ಮಾಡುವ ಕೆಲಸ ಅಂಚೆಯಣ್ಣನದೇ. ಬಂದ ವಿಳಾಸ ನೋಡು, ಇಂಥ ಮಾದರಿಗೆ ಹೊಂದಿದರೆ ಹೀಗೆ ತಿದ್ದು. ಮಾದರಿ ಬರೆಯಲು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಚುಟುಕು ಭಾಷೆ, ಷರತ್ತು ಹಾಕಲು ಬೇರೆ ಸಾಲು.

ಇದರಲ್ಲಿ ಎರಡು ಬಗೆ ಇದೆ, ಹೊಸಬರು ಎಡವುವುದು ಇಲ್ಲೇ. ಒಂದು, ಒಳಗಿಂದೊಳಗೇ ತಿದ್ದೋದು. ಓದುಗ ಕೇಳಿದ್ದು ಚೆಂದದ ವಿಳಾಸ, ಸರ್ವರ್ ಒಳಗೆ ಓಡಿಸೋದು ಪ್ರಶ್ನಾರ್ಥಕ ಚಿಹ್ನೆಯ ವಿಳಾಸ, ಓದುಗನ ಅಡ್ರೆಸ್ ಬಾರಿನಲ್ಲಿ ಏನೂ ಬದಲಾಗಲ್ಲ. ಇನ್ನೊಂದು, ಹೊರಗೆ ತಿರುಗಿಸೋದು. ಸರ್ವರ್ 301 ಅಂತ ಹೇಳಿ ಹೊಸ ವಿಳಾಸ ಕೊಡುತ್ತೆ, ಬ್ರೌಸರ್ ಎದ್ದು ಅಲ್ಲಿಗೆ ಹೋಗುತ್ತೆ. ಮೊದಲನೆಯದು ಊರೊಳಗಿನ ಅಂಚೆಯಣ್ಣನಿಗೆ 'ಸಾಣೆ ಚಾಚಾ, ಅಲೀಪುರ' ಅಂತ ಬರೆದರೂ ಸಾಕು ಅನ್ನೋ ತರ. ಎರಡನೆಯದು ಗೀಟು ಎಳೆದು ಬೇರೆ ಊರಿಗೆ ಕಳಿಸೋ ತರ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನಿನಲ್ಲಿ. ಅದರ ಪ್ರತಿ ಪುಟವೂ ಮೊದಲ ಬಗೆಗೆ ಉದಾಹರಣೆ. ನಮಗೆ ಕಾಣುವುದು 'ವಿಕಿ, ಓರೆಗೆರೆ, ಪುಟದ ಹೆಸರು'. ಒಳಗೆ ಅದು ಇಂಡೆಕ್ಸ್ ಎಂಬ ಒಂದೇ ಪಿಎಚ್‌ಪಿ ಕಡತಕ್ಕೆ 'ಶೀರ್ಷಿಕೆ ಇದು' ಅಂತ ಹೋಗುತ್ತೆ. 2005ರಲ್ಲಿ ಹರಿಪ್ರಸಾದ್ ನಾಡಿಗರು ಶುರು ಮಾಡಿದ ಸಂಪದ ಡ್ರೂಪಲ್ ಮೇಲೆ ನಿಂತಿತ್ತು. ಡ್ರೂಪಲ್ಲಿನಲ್ಲೂ 'ಕ್ಲೀನ್ ಯುಆರ್‌ಎಲ್' ಅಂತ ಒಂದು ಗುಂಡಿ ಇತ್ತು, ಅದನ್ನು ಒತ್ತಲು ಸರ್ವರಿನಲ್ಲಿ ಮಾಡ್-ರೀರೈಟ್ ಇರಬೇಕಿತ್ತು. ವರ್ಡ್‌ಪ್ರೆಸ್ ತಾನೇ ಎಚ್‌ಟಿ-ಆಕ್ಸೆಸ್ ಕಡತದಲ್ಲಿ ನಾಲ್ಕು ಸಾಲು ಗೀಚಿಕೊಳ್ಳುತ್ತೆ. ಕೇಳಿದ ಹೆಸರಿನ ಕಡತ ಇಲ್ಲವೇ? ಫೋಲ್ಡರೂ ಇಲ್ಲವೇ? ಹಾಗಿದ್ದರೆ ಎಲ್ಲವನ್ನೂ ಇಂಡೆಕ್ಸ್ ಕಡತಕ್ಕೆ ತಳ್ಳು. ನಾವು ಸಂಪದ, ವಿಕಿಪೀಡಿಯ ಅಂತ ರಾತ್ರಿ ಎರಡರವರೆಗೆ ಕೂತಿದ್ದ ಕಾಲದಲ್ಲಿ ಈ ಅಂಚೆಯಣ್ಣ ಹಿಂದೆ ನಿಂತು ಗೀಟು ಎಳೀತಾ ಇದ್ದ, ನಮಗೆ ಗೊತ್ತೇ ಇರಲಿಲ್ಲ.

ಅಂದ ಹಾಗೆ, ಯು.ಬಿ. ಪವನಜರು ವಿಶ್ವಕನ್ನಡ ಶುರು ಮಾಡಿದ್ದೂ 1996ರಲ್ಲೇ. ಕನ್ನಡದ ಮೊದಲ ಜಾಲತಾಣಕ್ಕೂ ಮಾಡ್-ರೀರೈಟಿಗೂ ಒಂದೇ ವಯಸ್ಸು. ಆದರೆ ಆಗ ಇಬ್ಬರಿಗೂ ಮುಖಾಮುಖಿ ಆಗುವ ಸಂದರ್ಭ ಇರಲಿಲ್ಲ. ಅಂದಿನ ಕನ್ನಡ ಪುಟದಲ್ಲಿ ಕನ್ನಡ ಇದ್ದದ್ದು ಫಾಂಟಿನಲ್ಲಿ. ಕಡತದ ಹೆಸರು, ವಿಳಾಸ ಎಲ್ಲ ಇಂಗ್ಲಿಷ್ ಅಕ್ಷರವೇ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇತ್ತು, ನಮ್ಮ ಗಣಕಗಳಲ್ಲಿ ಅದು ಕಣ್ಣಿಗೆ ಕಂಡಿದ್ದು ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟ್ ಬಂದಮೇಲೆ. ಆಮೇಲೆ ಶೀರ್ಷಿಕೆ ಕನ್ನಡದಲ್ಲಿ ಬಂತು. ವಿಳಾಸ ಶೀರ್ಷಿಕೆಯಿಂದ ಹುಟ್ಟುತ್ತೆ. ಅಲ್ಲಿಂದ ನಮ್ಮ ಪಾಡು ಶುರು.

*

2000ದ ದಶಕದಲ್ಲಿ ಬ್ಲಾಗರ್‌ನಲ್ಲಿ ಕನ್ನಡ ಬರೆದವರಿಗೆ ಇದು ನೆನಪಿದ್ದೇ ಇರುತ್ತೆ. ಇಂಗ್ಲಿಷಿನಲ್ಲಿ ಬ್ಲಾಗಿಸುವ ಗೆಳೆಯರ ಕೊಂಡಿಗಳಲ್ಲಿ ಶೀರ್ಷಿಕೆಯ ಪದಗಳು ನೀಟಾಗಿ ಕೂತಿರುತ್ತಿದ್ದವು. ನಮ್ಮದರಲ್ಲಿ ಬರೀ 'ಬ್ಲಾಗ್-ಪೋಸ್ಟ್'. ಮುಂದಿನದು 'ಬ್ಲಾಗ್-ಪೋಸ್ಟ್' ಅಡಿಗೆರೆ ಏನೋ ಒಂದು ಅಂಕಿ. ಕಾರಣ ಸರಳ. ಶೀರ್ಷಿಕೆಯಿಂದ ವಿಳಾಸ ಮಾಡುವಾಗ ಆ ತಂತ್ರಾಂಶ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ಹಾಕುತ್ತಿತ್ತು. ಕನ್ನಡ ಶೀರ್ಷಿಕೆಯಲ್ಲಿ ಕಿತ್ತ ಮೇಲೆ ಉಳಿಯೋದು ಸೊನ್ನೆ. ಸೊನ್ನೆಗೆ ಅದು ಇಟ್ಟ ಹೆಸರು ಬ್ಲಾಗ್-ಪೋಸ್ಟ್. ಜಾಣರು ಮೊದಲು ಇಂಗ್ಲಿಷ್ ಶೀರ್ಷಿಕೆ ಕೊಟ್ಟು ಪ್ರಕಟಿಸಿ, ಆಮೇಲೆ ಅದನ್ನು ಅಳಿಸಿ ಕನ್ನಡ ಶೀರ್ಷಿಕೆ ಹಾಕುತ್ತಿದ್ದರು. ವಿಳಾಸ ಮೊದಲಿನದೇ ಉಳಿಯುತ್ತಿತ್ತು. ಈ ಗುಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟೇ ನಾವು ಕಲಿತದ್ದು. ವಿಳಾಸವನ್ನು ನಾವೇ ಆರಿಸಿಕೊಳ್ಳುವ ಸೌಲಭ್ಯ ಬ್ಲಾಗರಿಗೆ ಬಂದದ್ದು 2012ರಲ್ಲಿ. ಅಷ್ಟರಲ್ಲಿ ಅರ್ಧ ಕನ್ನಡ ಬ್ಲಾಗಿಗರು ಫೇಸ್‌ಬುಕ್ಕಿಗೆ ಗುಳೆ ಹೋಗಿದ್ದರು.

ವರ್ಡ್‌ಪ್ರೆಸ್ ಕಿತ್ತು ಹಾಕುತ್ತಿರಲಿಲ್ಲ, ಕನ್ನಡವನ್ನೇ ಇಡುತ್ತಿತ್ತು. ಅದರ ಕಷ್ಟ ಇನ್ನೊಂದು ತರ. ವಿಳಾಸ ಎಂಬುದರಲ್ಲಿ ಮೂಲತಃ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಇಷ್ಟಕ್ಕೇ ಪ್ರವೇಶ. ಬೇರೆ ಲಿಪಿ ಬರಬೇಕಾದರೆ ವೇಷ ಹಾಕಬೇಕು. ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟು, ಒಂದೊಂದು ಬೈಟಿಗೂ ಒಂದು ಪರ್ಸೆಂಟ್ ಚಿಹ್ನೆ ಮತ್ತು ಎರಡು ಅಂಕೆ. 'ಅ' ಎಂಬ ಒಂದಕ್ಷರ '%ಇ0%ಬಿ2%85' ಆಗುತ್ತೆ, ಅಂದರೆ ಒಂಬತ್ತು ಅಕ್ಷರ. (ಇ, ಬಿ ಅಂದದ್ದು ಇಂಗ್ಲಿಷಿನವು.) ಕನ್ನಡದ ಎಲ್ಲ ಸಂಕೇತಗಳೂ %ಇ0%ಬಿ2 ಇಲ್ಲವೇ %ಇ0%ಬಿ3 ಅಂತಲೇ ಶುರುವಾಗುತ್ತವೆ. ಆ ಸಾಲನ್ನು ದೂರದಿಂದ ನೋಡಿದರೂ 'ಇದು ನಮ್ಮವರದು' ಅಂತ ಗೊತ್ತಾಗುತ್ತಿತ್ತು.

ಲೆಕ್ಕ ಹಾಕೋಣ. ಅಲೀಪುರ: ಅ, ಲ, ದೀರ್ಘ, ಪ, ಕೊಂಬು, ರ. ಆರು ಸಂಕೇತ, 54 ಅಕ್ಷರ. ಗೌರಿಬಿದನೂರು 99. ಚಿಕ್ಕಬಳ್ಳಾಪುರ 117! ಇದನ್ನು ಮಿಂಚಂಚೆಯಲ್ಲಿ ಅಂಟಿಸಿದರೆ ಸಾಲು ಮುರಿದು ಕೊಂಡಿಯೂ ಮುರಿಯುತ್ತಿತ್ತು. ಆರ್ಕುಟ್‌ನಲ್ಲಿ ಹಾಕಿದರೆ 'ಏನಪ್ಪಾ ಇದು, ವೈರಸ್ಸಾ?' ಅಂತ ಕೇಳುತ್ತಿದ್ದರು. 2008ರಲ್ಲಿ ಫೈರ್‌ಫಾಕ್ಸ್ 3 ಬಂದು ಅಡ್ರೆಸ್ ಬಾರಿನಲ್ಲಿ ವೇಷ ಕಳಚಿ ಕನ್ನಡವನ್ನೇ ತೋರಿಸಿದಾಗ ಆದ ಖುಷಿ ಹೇಳತೀರದು.

ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಈ ವಿಳಾಸದ ತುಂಡಿಗೆ ಇರುವ ಜಾಗ 200 ಅಕ್ಷರ. ಒಂಬತ್ತರಿಂದ ಭಾಗಿಸಿ: ಇಪ್ಪತ್ತೆರಡು ಕನ್ನಡ ಸಂಕೇತ. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ನಾನು ಒಮ್ಮೆ 'ಅಲೀಪುರದ ಮೊಹರಂ ಮತ್ತು ಬಾಲ್ಯದ ನೆನಪು' ಅಂತ ಶೀರ್ಷಿಕೆ ಕೊಟ್ಟೆ. 200ಕ್ಕೆ ಕತ್ತರಿ ಬಿದ್ದು ವಿಳಾಸ 'ಅಲೀಪುರದ-ಮೊಹರಂ-ಮತ್ತು-ಬಾಲ್' ಅಂತ ಆಯಿತು. ಬಾಲ್ಯ ಹೋಯಿತು, ಬಾಲ್ ಉಳಿಯಿತು. ಕ್ರಿಕೆಟ್ ಬರಹ ಅಂದುಕೊಂಡು ಬಂದವರೂ ಇದ್ದರು :-)

*

ನಾನು 2010ರಲ್ಲಿ ದುಡ್ಡು ಕೊಟ್ಟು ಸ್ವಂತ ಹೆಸರಿನ ತಾಣ ಮಾಡಿಕೊಂಡೆ. ಕನ್ನಡ ಬ್ಲಾಗಿಗನಿಗೆ ಬರುವ ಜ್ವರ ಅದು, ಒಂದಲ್ಲ ಒಂದು ದಿನ ಎಲ್ಲರಿಗೂ ಬರುತ್ತೆ. ಹಳೇ ಬರಹಗಳನ್ನೆಲ್ಲ ಹೊಸ ಮನೆಗೆ ಸಾಗಿಸಿದೆ. ಆಮೇಲೆ ಮಾಡಬಾರದ ಕೆಲಸ ಮಾಡಿದೆ. ಎರಡು ಕಡೆ ಒಂದೇ ಬರಹ ಯಾಕೆ ಅಂತ ಹಳೇ ಬ್ಲಾಗಿನಿಂದ ಒಂದೊಂದಾಗಿ ಅಳಿಸಿದೆ. ಬಾಗಿಲ ಮೇಲೆ ಒಂದು ಚೀಟಿ ಸಹ ಅಂಟಿಸಲಿಲ್ಲ.

ಇಲ್ಲಿ ಒಂದು ಸರಳ ಸಂಗತಿ ನನಗೆ ತಡವಾಗಿ ಹೊಳೆದದ್ದು. ತಿರುಗಿಸುವ ನಿಯಮ ಬರೆಯಬೇಕಾದದ್ದು ಹಳೇ ವಿಳಾಸದ ಸರ್ವರಿನಲ್ಲಿ. ಹೊಸ ಮನೆಯಲ್ಲಿ ಎಷ್ಟು ಬಣ್ಣದ ಬೋರ್ಡ್ ಹಾಕಿದರೂ ಹಳೇ ಮನೆ ಬಾಗಿಲಿಗೆ ಬಂದವನಿಗೆ ಅದು ಕಾಣಲ್ಲ. ಹೊಸ ತಾಣದ ಎಚ್‌ಟಿ-ಆಕ್ಸೆಸ್‌ನಲ್ಲಿ ನಾನು ನಾಲ್ಕು ವಾರಾಂತ್ಯ ಕೂತು ಸೊಗಸಾದ ನಿಯಮಗಳನ್ನು ಬರೆದೆ, ಎಲ್ಲ ಅಲ್ಲಿಗೇ ಬಂದವರಿಗೆ ಮಾತ್ರ.

ಆ ನಾಲ್ಕು ವಾರಾಂತ್ಯದ ಪಾಠಗಳನ್ನು ಬರೆದಿಡ್ತೀನಿ, ಸ್ವಂತ ಸರ್ವರ್ ಇರುವವರಿಗೆ ಇಂದಿಗೂ ಉಪಯೋಗ.

ಹಳೇ ತಾಣದಲ್ಲಿ ಊರಿನ ಪುಟವನ್ನು 'ಅಲಿಪುರ' ಅಂತ ಹ್ರಸ್ವದಲ್ಲಿ ಬರೆದಿದ್ದೆ, ಅದನ್ನು 'ಅಲೀಪುರ'ಕ್ಕೆ ತಿರುಗಿಸಬೇಕಿತ್ತು. ನಿಯಮದಲ್ಲಿ ಕನ್ನಡ ಬರೆದರೆ ಸರ್ವರಿಗೆ ತಿಳಿಯುತ್ತಾ ಅಂತ ಅನುಮಾನ, ಅದಕ್ಕೆ ಎರಡೂ ಕಡೆ ಪರ್ಸೆಂಟ್ ವೇಷದಲ್ಲೇ ಬರೆದೆ. ಎಡಗಡೆಯದು ಯಾವತ್ತೂ ಹೊಂದಲಿಲ್ಲ. ಯಾಕೆಂದರೆ ಅಪಾಚೆ ನಿಯಮಕ್ಕೆ ಒಪ್ಪಿಸುವ ಮೊದಲೇ ವೇಷ ಕಳಚಿರುತ್ತೆ! ನೇರವಾಗಿ ಕನ್ನಡದಲ್ಲೇ ಬರೆಯಬಹುದು, ಕಡತ ಯುಟಿಎಫ್-8 ಆಗಿದ್ದರೆ ಸಾಕು. ಬಲಗಡೆಯದಂತೂ ಇನ್ನೂ ಮಜಾ. ನಿಯಮದ ಬಲಭಾಗದಲ್ಲಿ ಪರ್ಸೆಂಟ್ ಚಿಹ್ನೆಯ ಮುಂದೆ ಅಂಕಿ ಬಂದರೆ, ಷರತ್ತಿನ ಸಾಲಿನಲ್ಲಿ ಹಿಡಿದಿಟ್ಟ ತುಂಡನ್ನು ಇಲ್ಲಿ ಹಾಕು ಅಂತ ಅರ್ಥ. 'ಅ'ದ ಕೊನೆಯ %85 ಇದೆಯಲ್ಲ, ಅದರಲ್ಲಿ %8 ಅನ್ನು ಎಂಟನೇ ತುಂಡು ಅಂತ ಓದಿ, ಅಂಥ ತುಂಡು ಇಲ್ಲವೆಂದು ಖಾಲಿ ಬಿಟ್ಟು, 5 ಒಂದನ್ನೇ ಉಳಿಸಿತು. ಮಿಕ್ಕ ಪರ್ಸೆಂಟ್ ಚಿಹ್ನೆಗಳಿಗೆ ಮತ್ತೊಂದು ಸುತ್ತು ವೇಷ ಹಾಕಿ %25 ಮಾಡಿತು. ಕೊನೆಗೆ ಬ್ರೌಸರಿನಲ್ಲಿ ಬಂದದ್ದು ಯಾವ ಭಾಷೆಯೂ ಅಲ್ಲ. ಅಲ್ಲೂ ನೇರ ಕನ್ನಡ ಬರೆದೆ, ಸರಿಹೋಯಿತು. ಹೊರಗೆ ಕಳಿಸುವಾಗ ವೇಷ ಹಾಕುವ ಕೆಲಸ ಅದೇ ಮಾಡುತ್ತೆ.

ಸರಿಹೋಯಿತು ಅಂದೆನಲ್ಲ, ಪೂರ್ತಿ ಇಲ್ಲ. ಕನ್ನಡ ಬರೆದ ಕಡತವನ್ನು ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಅಂತ ಉಳಿಸಿ ಮೇಲೇರಿಸಿದ ಕೂಡಲೇ ಇಡೀ ತಾಣವೇ 500 ದೋಷ ಕೊಟ್ಟು ಮಲಗಿತು. ಆಗಿನ ನೋಟ್‌ಪ್ಯಾಡ್ ಕಡತದ ತಲೆಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟಿನ ಗುರುತು ಸೇರಿಸುತ್ತಿತ್ತು. ಸರ್ವರ್ ಅದನ್ನು ಒಂದು ಆಜ್ಞೆ ಅಂತ ಓದಲು ಹೋಗಿ ಮುಗ್ಗರಿಸುತ್ತಿತ್ತು. ರಾತ್ರಿ ಒಂದೂವರೆಗೆ ಇದು ಗೊತ್ತಾಯಿತು.

ಮುಂದಿನದು ವ್ಯಾಕರಣದ ತೊಂದರೆ. ನಿಯಮದ ಮೊದಲಿಗೆ ^ ಕೊನೆಗೆ $ ಹಾಕಿ 'ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ' ಅಂತ ಕಟ್ಟಬೇಕು. ಇಂಗ್ಲಿಷಿನವರು ಮರೆತರೂ ಹೇಗೋ ನಡೆಯಬಹುದು, ನಮಗೆ ನಡೆಯಲ್ಲ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತೆ. 'ಅಲಿಪುರ' ಎಂದು ಕಟ್ಟದೆ ಬರೆದ ನಿಯಮ ಅಲಿಪುರದ, ಅಲಿಪುರಕ್ಕೆ, ಅಲಿಪುರದಲ್ಲಿ ಎಂದು ಶುರುವಾಗುವ ಬರಹಗಳನ್ನೆಲ್ಲ ಎಳೆದುಕೊಂಡು ಹೋಗಿ ಒಂದೇ ಪುಟದಲ್ಲಿ ಗುಡ್ಡೆ ಹಾಕಿತು. ಇನ್ನು ಚುಕ್ಕೆ ಅಂದರೆ ಯಾವುದಾದರೂ ಒಂದು ಅಕ್ಷರ ಅಂತ ಪುಸ್ತಕದಲ್ಲಿರುತ್ತೆ. ನನ್ನ ಸರ್ವರಿಗೆ ಒಂದು ಚುಕ್ಕೆ ಅಂದರೆ ಒಂದು ಬೈಟು, ಕನ್ನಡದ ಅಕ್ಷರವೊಂದರ ಮೂರನೇ ಒಂದು ಭಾಗ.

ಎಲ್ಲಕ್ಕಿಂತ ಕಾಡಿದ್ದು ದೀರ್ಘ. 'ಲೀ' ಬರೆಯಲು ಯೂನಿಕೋಡಿನಲ್ಲಿ ಎರಡು ದಾರಿ. ಲ ಆದಮೇಲೆ ಈ-ಕಾರದ ಒಂದೇ ಸಂಕೇತ ಹಾಕಬಹುದು. ಇಲ್ಲವೇ ಇ-ಕಾರದ ಗುಡಿಸು ಹಾಕಿ, ಅದರ ಮುಂದೆ ದೀರ್ಘದ ಗುರುತನ್ನು ಬೇರೆಯಾಗಿ ಹಾಕಬಹುದು. ಕಣ್ಣಿಗೆ ಎರಡೂ ಒಂದೇ. ಸರ್ವರಿಗೆ ಒಂದು 54 ಅಕ್ಷರದ ಊರು, ಇನ್ನೊಂದು 63 ಅಕ್ಷರದ ಬೇರೆ ಊರು. ವಿಕಿಪೀಡಿಯದ ತಂತ್ರಾಂಶ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುತ್ತೆ. ಅಪಾಚೆಯ ನಿಯಮಕ್ಕೆ ಆ ಜ್ಞಾನ ಇಲ್ಲ, ಎರಡಕ್ಕೂ ಬೇರೆ ಬೇರೆ ಸಾಲು ಬರೆಯಬೇಕು. ರಾಜ್‌ಕುಮಾರ್ ಅಂತ ಬರೆಯುವಾಗ ಜ್ ಮತ್ತು ಕು ಅಂಟದಂತೆ ನಡುವೆ ಒಂದು ಕಾಣದ ಸಂಕೇತ ಹಾಕ್ತೀವಲ್ಲ, ಅದೂ ಇದೇ ಜಾತಿಯ ತಲೆನೋವು. ಇನ್ನು ನಮ್ಮ ಪಕ್ಕದ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗೋಲಿಬಾರ್ ಆದ ಜಾಗ, ನಾಡಿಗೆಲ್ಲ ಗೊತ್ತಿರಬೇಕಾದ ಹೆಸರು. ಅಶ್ವತ್ಥ, ಅಶ್ವಥ, ಅಶ್ವತ್ಥ್, ಅಶ್ವತ್ಥಾ ಅಂತ ನನ್ನ ಹಳೇ ಬರಹಗಳಲ್ಲೇ ನಾಲ್ಕು ತರ ಇತ್ತು. ನಾಲ್ಕು ನಿಯಮ.

*

ಸರ್ಕಾರವೂ ಇದೇ ಕೆಲಸ ಮಾಡುತ್ತೆ, ದೊಡ್ಡ ಪ್ರಮಾಣದಲ್ಲಿ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ತಿದ್ದಿದರು. ಬೆಂಗಳೂರು, ಮೈಸೂರು, ತುಮಕೂರು ಇವಕ್ಕೆಲ್ಲ ಕನ್ನಡದಲ್ಲಿ ಏನೂ ಆಗಲಿಲ್ಲ, ಇಂಗ್ಲಿಷಿನವರು ನಮ್ಮ ಹಾಗೆ ಅನ್ನಬೇಕು ಅಷ್ಟೆ. ಬಿಜಾಪುರ ವಿಜಯಪುರವಾದದ್ದು, ಗುಲ್ಬರ್ಗ ಕಲಬುರಗಿಯಾದದ್ದು ಮಾತ್ರ ಕನ್ನಡಿಗನ ನಾಲಗೆಗೂ ತಗಲಿತು. ವಿಕಿಪೀಡಿಯದಲ್ಲಿ ಪುಟದ ಹೆಸರು ಬದಲಿಸಿದರೆ ಹಳೇ ಹೆಸರಿನಲ್ಲಿ ಪುನರ್ನಿರ್ದೇಶನ ತಾನಾಗಿ ಉಳಿಯುತ್ತೆ. ಆ ಒಂದು ಏರ್ಪಾಟಿಗೆ ಅವರಿಗೆ ಕೈ ಮುಗಿಯಬೇಕು.

ಸರಪಳಿಯೂ ಉಂಟು. ನಮ್ಮ ಚಿಕ್ಕಬಳ್ಳಾಪುರದ ಜೊತೆಗೇ, 2007ರಲ್ಲೇ, ಬೆಂಗಳೂರು ಗ್ರಾಮಾಂತರದಿಂದ ಒಡೆದು ರಾಮನಗರ ಜಿಲ್ಲೆ ಆಯಿತು. 2025ರ ಮೇ ತಿಂಗಳಲ್ಲಿ ಅದನ್ನು ಬೆಂಗಳೂರು ದಕ್ಷಿಣ ಮಾಡುವ ತೀರ್ಮಾನವಾಯಿತು. ಜುಲೈನಲ್ಲಿ ನಂದಿಬೆಟ್ಟದಲ್ಲಿ ಸಚಿವ ಸಂಪುಟ ಸೇರಿ ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ, ನಮ್ಮ ಬಾಗೇಪಲ್ಲಿಯನ್ನು ಭಾಗ್ಯನಗರ ಮಾಡಲು ಒಪ್ಪಿತು. ಕನಕಪುರದ ಒಬ್ಬ ಮುದುಕರ ಹತ್ತಿರ ಮೂರು ಜಿಲ್ಲೆಯ ಹೆಸರಿನ ಮೂರು ದಾಖಲೆ ಇರಬಹುದು, ಮನೆ ಒಂದಿಂಚೂ ಸರಿದಿರುವುದಿಲ್ಲ. ಬ್ರೌಸರ್‌ಗಳಾದರೆ ಸುಮಾರು ಇಪ್ಪತ್ತು ಸಲ ತಿರುಗಿಸಿಕೊಂಡ ಮೇಲೆ 'ಇನ್ನು ನನ್ನ ಕೈಲಾಗಲ್ಲ' ಅಂತ ನಿಂತುಬಿಡುತ್ತವೆ. ತಾಲ್ಲೂಕು ಕಚೇರಿಗೆ ಅಲೆಯುವವರಿಗೆ ಆ ಮಿತಿ ಇಲ್ಲ.

ಬ್ಲಾಗಿಗರಿಗೂ ಇಂಥದೊಂದು ಆಯಿತು, ಬಹಳ ಜನ ಗಮನಿಸಲಿಲ್ಲ. 2012ರಲ್ಲಿ ಗೂಗಲ್ ಬ್ಲಾಗ್‌ಸ್ಪಾಟ್ ಓದುಗರನ್ನು ಆಯಾ ದೇಶದ ವಿಳಾಸಕ್ಕೆ ತಿರುಗಿಸಲು ಶುರು ಮಾಡಿತು. ಇಂಡಿಯಾದಲ್ಲಿ ಕೂತು ಡಾಟ್ ಕಾಮ್ ಒತ್ತಿದರೆ ಡಾಟ್ ಇನ್ ತೆರೆಯುತ್ತಿತ್ತು. ನಾವು ಅಡ್ರೆಸ್ ಬಾರಿನಲ್ಲಿ ಕಂಡದ್ದನ್ನೇ ಎತ್ತಿ ಎಲ್ಲ ಕಡೆ ಅಂಟಿಸಿದೆವು. 2018ರಲ್ಲಿ ಆ ಪದ್ಧತಿ ನಿಲ್ಲಿಸಿ ಎಲ್ಲವನ್ನೂ ಡಾಟ್ ಕಾಮ್‌ಗೆ ವಾಪಸ್ ತಿರುಗಿಸಿದರು. 2020ರಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಇನ್ ಎಂಬ ಹೆಸರೇ ಗೂಗಲ್ಲಿನ ಕೈತಪ್ಪಿ ಬೇರೆಯವರ ಪಾಲಾಯಿತು. ಆರು ವರ್ಷ ನಾವು ಹಂಚಿಕೊಂಡಿದ್ದ ಆ ಕೊಂಡಿಗಳಿಗೆ ದಾರಿ ತೋರಿಸುವವರೇ ಇಲ್ಲದಂತಾಯಿತು. ಬರಹಗಳು ಡಾಟ್ ಕಾಮ್‌ನಲ್ಲಿ ಕ್ಷೇಮವಾಗಿವೆ. ಚೀಟಿ ಅಂಟಿಸಿದ್ದ ಬಾಗಿಲು ಮಾತ್ರ ಬೇರೆಯವರದಾಯಿತು.

ಇದೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ವಿಳಾಸದಲ್ಲಿ ಕನ್ನಡ ಇರಲೇಬೇಕು ಅಂತ ಒಂದು ಕಾಲಕ್ಕೆ ಜಗಳ ಆಡಿದ್ದವನು ನಾನು. ಈಗಲೂ ಇಷ್ಟವೇ. ಕನ್ನಡದ 'ಡಾಟ್ ಭಾರತ' ಹೆಸರುಗಳೂ ಬಂದಿವೆ, ಒಳಗೆ ಅವೂ ಇಂಗ್ಲಿಷ್ ಅಕ್ಷರಗಳ ಇನ್ನೊಂದು ವೇಷದಲ್ಲೇ ಓಡಾಡುತ್ತವೆ. ಆದರೆ ಹೆಸರು ಅಂದಮೇಲೆ ತಿದ್ದಬೇಕೆನಿಸುತ್ತೆ: ಹ್ರಸ್ವ ದೀರ್ಘವಾಗುತ್ತೆ, ಬೆಲಿ ಬೆಳ್ಳಿಯಾಗುತ್ತೆ, ಜಿಲ್ಲೆ ಒಡೆಯುತ್ತೆ. ಅಂಕಿಯನ್ನು ಯಾರೂ ತಿದ್ದಲು ಹೋಗಲ್ಲ. ನಾವು ನಗಾಡಿದ 'ಬ್ಲಾಗ್-ಪೋಸ್ಟ್_19' ಪಿನ್ ಕೋಡಿನ ಜಾತಿಗೆ ಸೇರಿದ್ದು. ಅದು ಸತ್ತದ್ದು ನಾನು ಅಳಿಸಿದ್ದರಿಂದ, ಅದರ ತಪ್ಪಿನಿಂದಲ್ಲ. ಸ್ವಂತ ತಾಣ ಇಡುವವರಿಗೆ ನಾನು ಹೇಳೋದು ಇಷ್ಟು: ವಿಳಾಸದಲ್ಲಿ ಒಂದು ಅಂಕಿ ಇರಲಿ, ಹುಡುಕೋದು ಅದರ ಮೇಲೇ ಇರಲಿ, ಪಕ್ಕದಲ್ಲಿ ಕನ್ನಡ ಅಲಂಕಾರಕ್ಕಿರಲಿ.

*

ಸ್ವಂತ ತಾಣದ ಕತೆ 2016ಕ್ಕೆ ಮುಗಿಯಿತು. ಹೆಸರು ನವೀಕರಿಸುವ ದಿನ ನಾನು ಮರೆತೆ, ಸರ್ವರ್ ಬಾಡಿಗೆಗೆ ಕೊಟ್ಟಿದ್ದವರು ಅಂಗಡಿ ಮುಚ್ಚಿದರು. ಹತ್ತಿರ ಇದ್ದ ಒಂದು ನಕಲಿನಿಂದ ಬರಹಗಳನ್ನು ಮತ್ತೆ ಈ ಪುಕ್ಕಟೆ ಬ್ಲಾಗಿಗೇ ತಂದು ತುಂಬಿದೆ. ಅದೇ ಮನೆ, ಆದರೆ ಎಲ್ಲ ಬರಹಕ್ಕೂ ಹೊಸ ವಿಳಾಸ. ಚಾಚಾ ಬಗ್ಗೆ ಬರೆದದ್ದು ಆ ನಕಲಿನಲ್ಲಿ ಇರಲಿಲ್ಲ, ಹುಡುಕುವ ತನಕ ಅದು ನನಗೆ ಗೊತ್ತೂ ಇರಲಿಲ್ಲ.

ಸಿಕ್ಕಿದ್ದು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಶೀನಿನಲ್ಲಿ. 2009ರಲ್ಲಿ ಒಂದೇ ಒಂದು ಸಲ ಆ ಪುಟವನ್ನು ಅದು ತೆಗೆದಿಟ್ಟುಕೊಂಡಿತ್ತು. ಹುಡುಕಲು ಬೇಕಾದದ್ದು ಹಳೇ ವಿಳಾಸ, ಅದು ಗೆಳೆಯನ ಮಿಂಚಂಚೆಯಲ್ಲಿತ್ತು. ಅವನು ಆ ಕೊಂಡಿಯನ್ನು ಇಷ್ಟು ವರ್ಷ ಕಾಪಾಡದೇ ಇದ್ದಿದ್ದರೆ ನನಗೂ ಸಿಗುತ್ತಿರಲಿಲ್ಲ. ಬರಹ ಪೂರ್ತಿ ಇತ್ತು, ಕೆಳಗೆ ಹನ್ನೊಂದು ಟಿಪ್ಪಣಿ. ಚಿತ್ರದ ಜಾಗದಲ್ಲಿ ಖಾಲಿ ಚೌಕ. ಚಿತ್ರ ಹಳೇ ಸೀಡಿಯೊಂದರಲ್ಲಿ ಸಿಕ್ಕಿತು: ಚಾಚಾ ಸಾಣೆಯ ಮುಂದೆ ಕೂತು, ಒಂದು ಕಣ್ಣು ಮುಚ್ಚಿ, ಹರಳನ್ನು ಬೆಳಕಿಗೆ ಹಿಡಿದು ನೋಡುತ್ತಿರುವುದು.

ಪುಕ್ಕಟೆ ಬ್ಲಾಗಿನಲ್ಲಿ ಎಚ್‌ಟಿ-ಆಕ್ಸೆಸ್ ಕೈಗೆ ಸಿಗಲ್ಲ. ಆದರೆ ಸೆಟ್ಟಿಂಗ್ಸ್ ಒಳಗೆ 'ಕಸ್ಟಮ್ ರೀಡೈರೆಕ್ಟ್ಸ್' ಅಂತ ಒಂದು ಇದೆ. ಎಲ್ಲಿಂದ, ಎಲ್ಲಿಗೆ, ಶಾಶ್ವತವೇ? ಇಷ್ಟೇ ಕೇಳುತ್ತೆ. ಅದೇ ಬ್ಲಾಗಿನೊಳಗೆ ಮಾತ್ರ ತಿರುಗಿಸಬಹುದು, ನನಗೆ ಬೇಕಿದ್ದದ್ದೂ ಅಷ್ಟೇ. ಬರಹವನ್ನು ಮತ್ತೆ ಏರಿಸಿ, ಟಿಪ್ಪಣಿಗಳನ್ನು ಅದರ ಅಡಿಯಲ್ಲೇ ಬಿಡಿಸಿ ಬರೆದು, ಬ್ಲಾಗ್-ಪೋಸ್ಟ್_19ರಿಂದ ಹೊಸ ವಿಳಾಸಕ್ಕೆ ಒಂದು ಸಾಲು ಹಾಕಿದೆ. ಶಾಶ್ವತ ಅನ್ನುವ ಚೌಕಕ್ಕೆ ಟಿಕ್ ಮಾಡಿದೆ. ಗೆಳೆಯನಿಗೆ ಏನೂ ವಿವರಿಸಲಿಲ್ಲ, 'ಅದೇ ಲಿಂಕ್ ಒತ್ತಿ ನೋಡು' ಅಂದೆ.

ಸಂಜೆ ಉತ್ತರ ಬಂತು. "ಬಂತಪ್ಪಾ. ಮಗಳಿಗೆ ಕನ್ನಡ ಓದೋಕೆ ಬರಲ್ಲ, ನಾನೇ ಓದಿ ಹೇಳಿದೆ. ಫೋಟೋ ನೋಡಿ ಅಮ್ಮ ಸುಮ್ನೆ ಕೂತ್ಬಿಟ್ರು. ಒಂದು ತಪ್ಪಿದೆ ನೋಡು. ಬೆಲಿಕುಂಟೆ ಅಂತ ಬರ್ದಿದೀಯ. ಅಬ್ಬಾ ಯಾವಾಗ್ಲೂ ಬೆಳ್ಳಿಕುಂಟೆ ಅಂತಿದ್ರು. ತಿದ್ದು."

ತಿದ್ದಿದ್ದೇನೆ. ವಿಳಾಸ ಮುಟ್ಟಿಲ್ಲ.